ಬಯಲ್ನಾಡಿನ ಗದ್ದೆಗಳೂ ಚಪ್ಪಟೆ ಹುಳುಗಳೂ

ಗುಂಡ್ಲುಪೇಟೆಯಿಂದ ಹೊರಟು ಮದ್ದೂರು, ಮೂಲೆಹೊಳೆಗಳ ಕಾಡನ್ನು ದಾಟಿ ಮುತ್ತಂಗದ ಕಡೆಗೆ ಬಂದರೆ ಗಾಳಿಯ ತೇವ ಒಮ್ಮೆಲೇ ಬೇರೆಯಾಗುತ್ತದೆ. (2009ರಿಂದ ಈ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ನಿರ್ಬಂಧವಿರುವುದರಿಂದ ಹಗಲಿನಲ್ಲಿಯೇ ಪಯಣಿಸುವುದು ಕ್ಷೇಮ.) ಇಂದು ವಯನಾಡೆನಿಸಿರುವ ಈ ಸೀಮೆಯನ್ನು ನಮ್ಮ ಹಳೆಯ ಶಾಸನಗಳು ಬಯಲ್ನಾಡೆಂದು ಕರೆದಿವೆ. ಹೆಸರು ಅನ್ವರ್ಥಕವಾದುದು. ಕಾಫಿ, ಮೆಣಸುಗಳ ದಿಣ್ಣೆಗಳ ನಡುವೆ ಹಾವಿನಂತೆ ಹರಿದಿರುವ ಗದ್ದೆಬಯಲುಗಳೇ ಈ ನಾಡಿನ ಜೀವಾಳ.

ಬೆಟ್ಟದ ನೀರೆಲ್ಲ ಈ ಬಯಲುಗಳಿಗಿಳಿದು, ಅಲ್ಲಿಂದ ಪನಮರಂ ಹಾಗೂ ಮಾನಂದವಾಡಿ ಹೊಳೆಗಳನ್ನು ಸೇರಿ, ಕಬಿನಿಯಾಗಿ ಹೆಗ್ಗಡದೇವನಕೋಟೆಯ ಕಡೆಗೆ ಹರಿಯುತ್ತದೆ. ಆದರೆ ಎಲ್ಲ ನೀರೂ ಹರಿದುಹೋಗುವುದಿಲ್ಲ. ಗದ್ದೆಯ ಮೂಲೆಗಳಲ್ಲಿ, ಎಮ್ಮೆಗಳು ಹೊರಳುವ ಹೊಂಡಗಳಲ್ಲಿ ಅದು ತಿಂಗಳುಗಟ್ಟಲೆ ನಿಲ್ಲುತ್ತದೆ. ಅಂತಹ ನೀರಿನಲ್ಲಿ ಕೈಯಾಡಿಸಿದರೆ ಗಡಿಯಾರದ ಸ್ಪ್ರಿಂಗಿನಂತೆ ಚಪ್ಪಟೆಯಾಗಿ ಸುತ್ತಿಕೊಂಡ ಕಂದುಬಣ್ಣದ ಬಸವನಹುಳು ಸಿಕ್ಕುವುದುಂಟು. ಅದರ ರಕ್ತ ನಮ್ಮದರಂತೆ ಕೆಂಪು. ಇಂಡೋಪ್ಲಾನಾರ್ಬಿಸ್ ಎಂಬುದು ಅದರ ಶಾಸ್ತ್ರೀಯ ನಾಮ.

ನಾವು ತಂಗಿದ್ದ ಮನೆಯ ಕೊಟ್ಟಿಗೆಯಿಂದ ರಾತ್ರಿಯೆಲ್ಲ ದೊಡ್ಡ ಗೊರಕೆಯ ಸದ್ದು ಕೇಳುತ್ತಿತ್ತು. ಯಜಮಾನರು ಮಲಗಿರಬಹುದೆಂದು ನಾವು ಬಗೆದರೆ, ಅದು ಹಸುವಿನ ಗೊರಕೆ! ಮೂಗಿನೊಳಗೆ ಹೂಕೋಸಿನಂತಹ ಗಂಟುಗಳೆದ್ದು, ರಕ್ತಮಿಶ್ರಿತ ಸಿಂಬಳ ಸೋರುತ್ತಿತ್ತು. ಮೇವು ತಿನ್ನುವುದಕ್ಕೂ ಉಸಿರಾಡುವುದಕ್ಕೂ ಏಕಕಾಲದಲ್ಲಿ ಶಕ್ತಿಸಾಲದ ಆ ಬಡಪ್ರಾಣಿಯ ಹಾಲು ಅರ್ಧಕ್ಕಿಳಿದಿತ್ತು. ಎರಡೇ ಹಸುಗಳಿರುವ ಮನೆಗೆ ಇದೇನು ಸಣ್ಣ ನಷ್ಟವೇ? ಮಾರೋಣವೆಂದರೆ ಗೊರಕೆಯ ಹಸುವನ್ನು ಕೊಳ್ಳುವವರಾರು?

ಗೊರಕೆಯ ಮೂಲವಿರುವುದು ಮೂಗಿನ ರಕ್ತನಾಳಗಳಲ್ಲಿ. ಅಲ್ಲಿ ಶಿಸ್ಟೊಸೋಮವೆಂಬ ಚಪ್ಪಟೆ ಹುಳುಗಳ ಜಾತಿಯ ಪರೋಪಜೀವಿಗಳು ದಂಪತಿಗಳಾಗಿ ವಾಸಿಸುತ್ತವೆ. ಚಪ್ಪಟೆ ಹುಳುಗಳಲ್ಲಿ ಬಹುಪಾಲು ಉಭಯಲಿಂಗಿಗಳು. ಇವು ಮಾತ್ರ ಗಂಡು ಹೆಣ್ಣುಗಳಾಗಿ ಬೇರ್ಪಟ್ಟಿವೆ. ಗಂಡು ತನ್ನ ಮೈಯನ್ನೇ ಉದ್ದಕ್ಕೂ ಮಡಿಚಿ ತೊಟ್ಟಿಲಾಗಿಸಿ, ನೂಲಿನಂತಹ ಹೆಣ್ಣನ್ನು ಅದರೊಳಗೆ ಹಿಡಿದುಕೊಂಡಿರುತ್ತದೆ. ಮದರಾಸಿನ ಎಂ. ಎ. ಎನ್. ರಾವ್ ಅವರು 1933ರಲ್ಲಿ ಮೂಗಿನ ಈ ಹುಳುವನ್ನು ಪ್ರತ್ಯೇಕ ಪ್ರಭೇದವಾಗಿ ವರ್ಣಿಸಿದರು.

ಮೊಟ್ಟೆಗಳು ಸಿಂಬಳದೊಡನೆ ನೀರಿಗೆ ಬೀಳುತ್ತವೆ. ಹೊರಬಂದ ಮರಿಯು ಮೇಲೆ ಹೇಳಿದ ಬಸವನಹುಳುವನ್ನು ಹುಡುಕಿ ಹೊಕ್ಕು, ಅದರೊಳಗೆ ಒಂದು ನೂರಾಗಿ, ನೂರು ಸಾವಿರವಾಗಿ ಬೆಳೆದು, ಕವಲುಬಾಲದ ಸೂಕ್ಷ್ಮ ಮರಿಗಳಾಗಿ ಮತ್ತೆ ನೀರಿಗಿಳಿಯುತ್ತದೆ. ಈ ಮರಿಗಳಿಗೆ ಬಾಯಿಂದ ಒಳಹೋಗುವ ಅಗತ್ಯವೇ ಇಲ್ಲ. ನೀರಿಗಿಳಿದ ದನದ ಚರ್ಮವನ್ನೇ ಕೊರೆದು ರಕ್ತವನ್ನು ಸೇರಬಲ್ಲವು. ಎಮ್ಮೆಗಳಲ್ಲಿ ರೋಗಲಕ್ಷಣ ಹಸುವಿನಷ್ಟು ತೋರುವುದಿಲ್ಲ. ಆದಕಾರಣ ಆರೋಗ್ಯವಾಗಿ ಕಾಣುವ ಎಮ್ಮೆಯೇ ಹೊಂಡಕ್ಕೆ ಮೊಟ್ಟೆಗಳನ್ನು ಹರಡುತ್ತಿರಬಹುದು.

ನಾಟಿ ಮಾಡುವ ಹೆಂಗಸರ ಕಾಲುಗಳಲ್ಲೇಳುವ ಕೆಂಪು ಗುಳ್ಳೆ, ತುರಿಕೆಗಳಲ್ಲಿ ಕೆಲವಕ್ಕೆ ದನಗಳ ಶಿಸ್ಟೊಸೋಮಗಳ ಇಂತಹ ಮರಿಗಳೇ ಕಾರಣ. ದನವೆಂದು ಬಗೆದು ಮನುಷ್ಯರ ಚರ್ಮವನ್ನು ಹೊಕ್ಕ ಮರಿಗಳು ಮುಂದೆ ದಾರಿ ಕಾಣದೆ ಅಲ್ಲಿಯೇ ಸಾಯುತ್ತವೆ. ತುರಿಕೆ ಮಾತ್ರ ನಮಗುಳಿಯುತ್ತದೆ.

ಈ ಕುಲದವೆಲ್ಲ ಪರಾನ್ನಭೋಜಿಗಳೆಂದು ವಾಚಕರು ತಿಳಿಯಬಾರದು. ಮಳೆ ನಿಂತ ರಾತ್ರಿ ತೋಟದ ದಾರಿಯಲ್ಲಿ ಲಾಟೀನು ಹಿಡಿದು ನಡೆದರೆ, ಸುತ್ತಿಗೆಯಂತಹ ತಲೆಯುಳ್ಳ ನೀಳವಾದ ಲೋಳೆಹುಳು ಕಾಣಬಹುದು. ಜಿಗಣೆಯೆಂದು ಬೆದರಬೇಕಿಲ್ಲ, ಜಿಗಣೆಯ ಮೈಯಲ್ಲಿರುವ ಉಂಗುರಗಳು ಇದಕ್ಕಿಲ್ಲ. ಬೈಪೇಲಿಯಂ ಎಂಬ ಈ ಸ್ವತಂತ್ರಜೀವಿ ಎರೆಹುಳುವನ್ನು ಬೇಟೆಯಾಡುತ್ತದೆ. ಬಾಯಿ ತಲೆಯಲ್ಲಿಲ್ಲ, ಹೊಟ್ಟೆಯ ನಡುವೆ ಇದೆ. ಅಲ್ಲಿಂದ ಗಂಟಲನ್ನೇ ಹೊರಚಾಚಿ ಬೇಟೆಯನ್ನು ಕರಗಿಸಿ ಹೀರುತ್ತದೆ. ಉಂಡ ಬಾಯಿಯಿಂದಲೇ ಕಸವನ್ನೂ ಹೊರಹಾಕುವುದು ಅದರ ರೀತಿ. ಈ ಕುಲದ ಎರಡು ಪ್ರಭೇದಗಳಲ್ಲಿ ಕಡಲ ಬುಸುಮೀನಿನಲ್ಲಿರುವ ವಿಷವೇ ಇದೆಯೆಂದು 2014ರಲ್ಲಿ ತಿಳಿದುಬಂತು. ತುಂಡರಿಸಿ ಬಿಸುಟರೆ ತುಂಡುಗಳೇ ಮತ್ತೆ ಹುಳುಗಳಾಗಬಹುದಾದ್ದರಿಂದ ಕತ್ತಿಯೆತ್ತುವವರು ಯೋಚಿಸಬೇಕು. ತೊರೆಯ ಕಲ್ಲಿನಡಿಯ ಪ್ಲನೇರಿಯಾ ಹುಳುಗಳನ್ನು ಕತ್ತರಿಸಿ ಈ ಪವಾಡವನ್ನು ಪರೀಕ್ಷಿಸಿದ ಅಮೆರಿಕದ ಮಾರ್ಗನ್ ಎಂಬ ವಿಜ್ಞಾನಿ 1898ರಲ್ಲಿ ಅದನ್ನು ವಿವರಿಸಿ ಬರೆದನು.

ಗೊರಕೆ ರೋಗಕ್ಕೆ ಬಹುಕಾಲ ಆಂಟಿಮನಿ ಬೆರೆತ ಸೂಜಿಮದ್ದನ್ನೇ ಬಳಸುತ್ತಿದ್ದರು. ಈಗ ಪ್ರಾಜಿಕ್ವಾಂಟೆಲ್ ಎಂಬ ಮದ್ದಿದೆ. ಆದರೆ ಗುಣವಾದ ಹಸು ಮರುದಿನ ಅದೇ ಹೊಂಡಕ್ಕಿಳಿದರೆ ಮತ್ತೆ ಮೊದಲಿನ ಕಥೆಯೇ. ವಯನಾಡಿನ ಎಷ್ಟೋ ಗದ್ದೆಗಳು ಇಂದು ಬಾಳೆ, ಅಡಿಕೆಯ ತೋಟಗಳಾಗಿವೆ. ಆದರೂ ಸಾಲುಗಳ ನಡುವೆ ತೋಡಿದ ಕಾಲುವೆಗಳಲ್ಲಿ ನೀರು ನಿಲ್ಲುತ್ತಲೇ ಇದೆ. ನಮ್ಮ ಆತಿಥೇಯರ ಮನೆಯೊಡತಿ ಹಸುವಿಗೆ ಬಾವಿಯ ನೀರನ್ನೇ ಸೇದಿ ಕುಡಿಸತೊಡಗಿದ್ದರು. ದಿನಕ್ಕೆ ಎಷ್ಟು ಕೊಡವೆಂದು ಕೇಳಿದ್ದಕ್ಕೆ, ಎಣಿಸಿದರೆ ಕೈ ಸೋಲುತ್ತದೆ, ಎಣಿಸುವುದಿಲ್ಲ ಎಂದರು.