ದೇವರಗುಡ್ಡಕ್ಕೆ ಒಂದು ಜೊತೆ ಬೂಟು

ಬ್ಯಾಡಗಿ ಎಂದ ಕೂಡಲೇ ನಿಮಗೆ ಮೆಣಸಿನಕಾಯಿ ನೆನಪಾಗುತ್ತದೆ. ಸುಕ್ಕುಸುಕ್ಕಾದ, ಖಾರ ಕಡಿಮೆಯಾದ, ಬಣ್ಣಕ್ಕೆ ಹೆಸರಾದ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಕೆಂಪು ಕಾಯಿ. ಬ್ಯಾಡಗಿಯಿಂದ ರಾಣೆಬೆನ್ನೂರಿನ ಕಡೆಗೆ ರೈಲು ಹತ್ತಿದರೆ ನಡುವೆ ದೇವರಗುಡ್ಡ ಎಂಬ ಸಣ್ಣ ನಿಲ್ದಾಣವೊಂದು ಬರುತ್ತದೆ. ಜೂನ್ ತಿಂಗಳ ಒಂದು ರವಿವಾರ ನಾನು ಅಲ್ಲಿ ಇಳಿದೆ. ಕೈಯಲ್ಲೊಂದು ಬಟ್ಟೆಯ ಚೀಲ. ಅದರೊಳಗೆ ಒಂದು ಜೊತೆ ಹಳೆಯ ಕ್ರೀಡಾ ಬೂಟುಗಳು.

ಆ ಬೂಟುಗಳ ಕಥೆ ಹೇಳುವ ಮೊದಲು ಊರನ್ನು ನೋಡಿಬಿಡೋಣ. ಹೆಸರೇ ಹೇಳುವಂತೆ ಇಲ್ಲಿ ಗುಡ್ಡವೇ ಮುಖ್ಯ. ಮೇಲೆ ಮಾಲತೇಶ ದೇವರ ಗುಡಿಯಿದೆ. ಪ್ರತಿವರ್ಷ ದಸರೆಯ ಹೊತ್ತಿಗೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ಒಂದೇ ಒಂದು ಮಾತಿನ ಕಾರಣಿಕ ನುಡಿಯುತ್ತಾರೆ. ಸಾವಿರಾರು ಜನ ಉಸಿರು ಬಿಗಿಹಿಡಿದು ಕೇಳುತ್ತಾರೆ. ಆಮೇಲೆ ವರ್ಷವಿಡೀ ಆ ಮಾತಿನಲ್ಲಿ ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಹುಡುಕುತ್ತಾರೆ. ನಾಳೆ ಏನೆಂಬುದು ಅಲ್ಲಾಹನಿಗಷ್ಟೇ ಗೊತ್ತು ಎಂಬುದು ನಮ್ಮ ವಿಶ್ವಾಸ. ಆದರೆ ಮಳೆ ಆಗಲಿ, ಪೈರು ಉಳಿಯಲಿ ಎಂಬ ಆಸೆಯಲ್ಲಿ ಭೇದವೇನಿದೆ? ಆಟೋದ ಹುಡುಗ ದಾರಿಯುದ್ದಕ್ಕೂ ಹಿಂದಿನ ಕಾರಣಿಕಗಳ ಅರ್ಥ ಬಿಡಿಸುತ್ತಾ ಬಂದ. ನಾನೂ ತಲೆಯಾಡಿಸುತ್ತಾ ಕೇಳಿದೆ.

ಊರೊಳಗೆ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ಬ್ಯಾಟು ತೆಂಗಿನ ಗರಿಯ ದಿಂಡು. ಚೆಂಡು ಚಿಂದಿ ಸುತ್ತಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದದ್ದು. ಇನ್ನೊಬ್ಬ ಪುಟ್ಟ ಹಳೆಯ ಟೈರನ್ನು ಕೋಲಿನಿಂದ ಉರುಳಿಸುತ್ತಿದ್ದ. ನನಗೆ ನಗು ಬಂತು. ಇಲ್ಲಿ ಕಸದಿಂದ ಆಟದ ಸಾಮಾನು. ನಮ್ಮ ಶಾಲೆಯಲ್ಲಿ ನಾವು ಆಟದ ಸಾಮಾನಿನ ಕಸದ ಮುಂದೆ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದೆವು!

ಆದದ್ದು ಇಷ್ಟೇ. ಶಾಲೆ ಆರಂಭವಾದ ವಾರ ಆಟದ ಕೋಣೆಯನ್ನು ಗುಡಿಸಿದಾಗ ಎರಡು ಗೋಣಿಚೀಲ ತುಂಬಾ ಹಾಳಾದ ಸಾಮಾನು ಸಿಕ್ಕಿತು. ಗಾಳಿ ನಿಲ್ಲದ ಥ್ರೋಬಾಲುಗಳು, ತಂತಿ ಕಡಿದ ರಾಕೆಟ್‌ಗಳು, ಹರಿದ ನೆಟ್, ಬಣ್ಣ ಮಾಸಿದ ಜೆರ್ಸಿಗಳು, ಪುಕ್ಕ ಮುರಿದ ಶಟಲ್‌ಗಳು. ಗುಜರಿಯವನನ್ನು ಕರೆದರೆ ಅವನು ಮುಟ್ಟಲಿಲ್ಲ. ಕಬ್ಬಿಣ, ಕಾಗದ, ಬಾಟಲಿ ಆದರೆ ಒಯ್ಯುತ್ತೇನೆ, ಇದು ಯಾರಿಗೂ ಬೇಡ ಎಂದ. ಅವನ ಮಾತು ಸುಳ್ಳಲ್ಲ. ಒಂದು ಚೆಂಡಿನಲ್ಲಿ ಒಳಗೆ ರಬ್ಬರಿನ ಚೀಲ, ಮೇಲೆ ಬಟ್ಟೆಯ ಪದರ, ಅದರ ಮೇಲೆ ಕೃತಕ ಚರ್ಮ. ಎಲ್ಲವೂ ಅಂಟಿನಿಂದ ಒಂದಾಗಿರುತ್ತವೆ. ಬೇರ್ಪಡಿಸುವ ಖರ್ಚೇ ಅದರ ಬೆಲೆಗಿಂತ ಹೆಚ್ಚು. ಸುಟ್ಟರೆ ಆ ಹೊಗೆ ಕುಡಿಯಬೇಕಾದವರು ನಮ್ಮ ಮಕ್ಕಳೇ.

ಆಗ ನನಗೆ ನೆನಪಾದದ್ದು ಹಿಂದೆ ಓದಿದ್ದ ಕೆನಡಾದ ಕಲಾವಿದ ಬ್ರಯಾನ್ ಜಂಗೆನ್. 1970ರಲ್ಲಿ ಹುಟ್ಟಿದ ಇವರ ತಾಯಿ ಅಲ್ಲಿನ ಮೂಲನಿವಾಸಿಗಳಾದ ಡೇನ್-ಝಾ ಜನಾಂಗದವರು. 1998ರಿಂದ 2005ರವರೆಗೆ ಅವರು ನೈಕಿ ಕಂಪನಿಯ ಏರ್ ಜೋರ್ಡನ್ ಬೂಟುಗಳ ಹೊಲಿಗೆ ಬಿಚ್ಚಿ, ಕತ್ತರಿಸಿ, ಮತ್ತೆ ಹೊಲಿದು 23 ಮುಖವಾಡಗಳನ್ನು ಮಾಡಿದರು. ಆ ಬೂಟುಗಳ ಕೆಂಪು, ಕಪ್ಪು, ಬಿಳಿ ಬಣ್ಣಗಳು ಕೆನಡಾದ ಪಶ್ಚಿಮ ಕರಾವಳಿಯ ಮೂಲನಿವಾಸಿಗಳ ಕೆತ್ತನೆಗಳಲ್ಲಿರುವ ಬಣ್ಣಗಳೇ. ಆಮೇಲೆ ಗಾಲ್ಫ್ ಚೀಲಗಳನ್ನು ಒಂದರ ಮೇಲೊಂದು ಪೇರಿಸಿ ಕಂಬಗಳನ್ನು ಮಾಡಿದರು. ಆಟಗಾರರ ಜೆರ್ಸಿಗಳನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಕಂಬಳಿಯಂತೆ ನೇಯ್ದರು. ನಮ್ಮ ಜನಾಂಗದ ಪವಿತ್ರ ವಸ್ತುಗಳನ್ನು ನೀವು ಅಂಗಡಿಯ ಸರಕು ಮಾಡಿದಿರಿ, ನಾನು ನಿಮ್ಮ ಅಂಗಡಿಯ ಸರಕನ್ನು ಏನು ಮಾಡುತ್ತೇನೆ ನೋಡಿ ಎಂದು ಅವರು ಕೇಳುತ್ತಿದ್ದಾರೆ ಎಂದು ನನಗನಿಸುತ್ತದೆ.

ಜೆರ್ಸಿಯ ಕಂಬಳಿ ಎಂದಾಗ ನಮ್ಮ ಹುಡುಗಿಯರ ಕಣ್ಣರಳಿತು. "ಟೀಚರ್, ಇದು ನಮ್ಮ ಕೌದಿಯಲ್ವಾ?" ಎಂದಳು ಒಬ್ಬಳು. ಹೌದಲ್ಲ! ಹಳೆಯ ಸೀರೆ, ಅಂಗಿಗಳ ಚೂರುಗಳನ್ನು ಜೋಡಿಸಿ ಕೌದಿ ಹೊಲಿಯದ ಅಜ್ಜಿ ನಮ್ಮ ಭಾಗದಲ್ಲಿ ಯಾರಿದ್ದಾರೆ? ಪಕ್ಕದ ಮುಂಡಗೋಡ, ಯಲ್ಲಾಪುರ, ಹಳಿಯಾಳ ತಾಲೂಕುಗಳ ಸಿದ್ದಿ ಮಹಿಳೆಯರು ಹೊಲಿದ ಕೌದಿಗಳು ಅಮೆರಿಕದಲ್ಲಿ ಪ್ರದರ್ಶನಗೊಂಡಿವೆ. ಅವರಲ್ಲಿ ಮುಸ್ಲಿಂ ಸಹೋದರಿಯರೂ ಇದ್ದಾರೆ, ಕೆಲವರ ಕೌದಿಯಲ್ಲಿ ಅರ್ಧಚಂದ್ರವಿರುತ್ತದೆ. ಅಂಚಿನ ಮೂಲೆಗಳಲ್ಲಿ ತ್ರಿಕೋನದ ಚೂರುಗಳನ್ನು ಹೂವಿನಂತೆ ಮಡಚಿ ಇಟ್ಟರೇನೇ ಅವರಿಗೆ ಕೌದಿ ಮುಗಿದಂತೆ. ಕಲೆ ಎಂದು ಹೆಸರಿಡದೆ ನಮ್ಮ ಹೆಂಗಸರು ಎಷ್ಟನ್ನು ಮಾಡಿಟ್ಟಿದ್ದಾರೆ ಎಂದು ಯೋಚಿಸಿದರೆ ಆಶ್ಚರ್ಯವಾಗುತ್ತದೆ.

ಎರಡು ಶನಿವಾರ ನಮ್ಮ ಕೆಲಸ ನಡೆಯಿತು. ಜೆರ್ಸಿಗಳು ಕೌದಿಯ ನೆಲವಾದವು. ಥ್ರೋಬಾಲಿನ ಚೂರುಗಳನ್ನು ದಬ್ಬಳದಿಂದ ತೂತು ಮಾಡಿ ನಡುವೆ ಹೊಲಿದರು. ಸೂಜಿ ಚುಚ್ಚಿ ಚುಚ್ಚಿ ಎಲ್ಲರ ಬೆರಳೂ ಕೆಂಪು. ಜಲಂಧರದಲ್ಲಿ ಎಷ್ಟೋ ಹೆಂಗಸರು ಮನೆಯಲ್ಲೇ ಕುಳಿತು ಫುಟ್ಬಾಲಿನ 32 ತುಂಡುಗಳನ್ನು ಕೈಯಿಂದ ಹೊಲಿದು ಸಂಸಾರ ನಡೆಸಿದ್ದಾರೆ ಎಂದು ಹೇಳಿದೆ. ಯಾರೂ ಮಾತಾಡಲಿಲ್ಲ. ಶಟಲ್‌ನ 16 ಪುಕ್ಕಗಳನ್ನು ಬಿಡಿಸಿ ಅಂಚಿಗೆ ಹೂ ಮಾಡಿದರು. ಗೋಡೆಗೆ ತೂಗುಹಾಕಿದಾಗ ನೋಡಲು ಚೆನ್ನಾಗಿಯೇ ಇತ್ತು. ಒಂದು ಮೂಲೆ ಮಾತ್ರ ಸೊಟ್ಟ.

ನೋಡಲು ಬಂದ ಹಿರಿಯರೊಬ್ಬರು, ಇಂಥದ್ದೆಲ್ಲ ಮುಂದೆ ಗೊಂಬೆ, ಮೂರ್ತಿಗಳಿಗೆ ಹೋಗುವುದಿಲ್ಲವೇ ಎಂದು ಕೇಳಿದರು. ಅವರ ಆತಂಕವನ್ನು ನಾನು ಲಘುವಾಗಿ ಕಾಣುವುದಿಲ್ಲ. ಮದ್ರಸಾದಲ್ಲಿ ನಾನೂ ಅದನ್ನು ಓದಿದ್ದೇನೆ. ಜೀವಿಗಳ ರೂಪದ ವಿಷಯದಲ್ಲಿ ವಿದ್ವಾಂಸರು ಎಚ್ಚರಿಸಿದ್ದಾರೆ. ಅದಕ್ಕೇ ನಮ್ಮ ಕೌದಿಯಲ್ಲಿ ಹೂವು, ಬಳ್ಳಿ, ಗೆರೆಗಳಷ್ಟೇ ಇದ್ದವು. ಆದರೆ ಅಬೂದಾವೂದ್‌ನಲ್ಲಿರುವ ಒಂದು ಘಟನೆಯನ್ನೂ ನೆನಪಿಸಿದೆ. ಹಝ್ರತ್ ಆಯಿಶಾ(ರ)ರ ಆಟಿಕೆಗಳ ನಡುವೆ ಚಿಂದಿಬಟ್ಟೆಯ ರೆಕ್ಕೆಗಳಿದ್ದ ಒಂದು ಕುದುರೆಯಿತ್ತು. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿ(ಸ)ರು ಕೇಳಿದಾಗ ಅವರು ಪ್ರವಾದಿ ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಯಿತ್ತಲ್ಲವೇ ಎಂದರು. ಪ್ರವಾದಿವರ್ಯರು(ಸ) ದವಡೆಹಲ್ಲು ಕಾಣುವಂತೆ ನಕ್ಕರು. ಹಿರಿಯರೂ ನಕ್ಕರು. ಹೋಗುವಾಗ ಸೊಟ್ಟ ಮೂಲೆಯನ್ನು ಎಳೆದು ಸರಿಮಾಡಿ ಹೋದರು.

ಗೋಣಿಚೀಲದ ತಳದಲ್ಲಿ ಬೂಟುಗಳು ಸಿಕ್ಕಿದ್ದು ಆ ಶನಿವಾರವೇ. ಕತ್ತರಿ ಹಿಡಿದ ಹುಡುಗಿ ನಿಂತುಬಿಟ್ಟಳು. "ಇದು ಅಕ್ಕನದು" ಎಂದಳು. ಅಕ್ಕ ಎಂದರೆ ಹಿಂದಿನ ವರ್ಷದ ನಮ್ಮ ಥ್ರೋಬಾಲ್ ತಂಡದ ನಾಯಕಿ. ದೇವರಗುಡ್ಡದಿಂದ ದಿನಾ ರೈಲಿನಲ್ಲಿ ಬರುತ್ತಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಆದರೆ ಕಾಲೇಜಿಗೆ ಸೇರಿರಲಿಲ್ಲ. ಬೂಟುಗಳನ್ನು ಕತ್ತರಿಸಲು ಯಾರೂ ಒಪ್ಪಲಿಲ್ಲ. ಹಾಗಾಗಿ ಅವು ನನ್ನ ಜೊತೆ ರೈಲು ಹತ್ತಿದವು.

ಅವಳ ಮನೆಯ ಅಂಗಳದಿಂದ ಗುಡ್ಡ ಪೂರ್ತಿ ಕಾಣುತ್ತದೆ. ಒಳಗೆ ತಾಯಿ ಮತ್ತು ಮಗಳು ಕೋಲ್ಡ್ ಸ್ಟೋರೇಜಿನಿಂದ ಬಂದ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಬಾಗಿಲಲ್ಲೇ ನನಗೆ ಎರಡು ಸೀನು ಬಂದವು. ತಾಯಿ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಆಪಾ, ಕಣ್ಣು ಉಜ್ಜಬೇಡಿ, ಇನ್ನೂ ಉರಿಯುತ್ತೆ" ಎಂದರು. ಮಾತು ಉರ್ದುವಿನಲ್ಲಿ ನಡೆಯಿತು, ಸಾರಾಂಶ ಬರೆಯುತ್ತಿದ್ದೇನೆ. ಸಂಬಂಧವೊಂದು ಬಂದಿದೆ. ಹುಡುಗ ಒಳ್ಳೆಯವನು. ಕಾಲೇಜು ದೂರ. ಆಟ ಆಡಿದಳು ಎಂದು ಯಾರೋ ಮಾತಾಡಿದ್ದೂ ಆಗಿದೆ.

ನಾನು ಭಾಷಣ ಮಾಡಲಿಲ್ಲ. ಹಝ್ರತ್ ಆಯಿಶಾ(ರ)ರು ಪ್ರಯಾಣವೊಂದರಲ್ಲಿ ಪ್ರವಾದಿ(ಸ)ರ ಜೊತೆ ಓಟದ ಪಂದ್ಯ ಆಡಿ ಗೆದ್ದದ್ದನ್ನು ಮಾತ್ರ ಹೇಳಿದೆ. ಮುಂದೊಮ್ಮೆ ಪ್ರವಾದಿ(ಸ)ರು ಗೆದ್ದು, ಅಂದಿನ ಸೋಲಿಗೆ ಇದು ಸಮ ಎಂದದ್ದನ್ನೂ ಹೇಳಿದೆ. ತಂದೆಗೆ ಅದು ಗೊತ್ತಿರಲಿಲ್ಲ. "ಗೆದ್ದಿದ್ರಾ?" ಎಂದು ಎರಡು ಸಲ ಕೇಳಿದರು. ಆಮೇಲೆ ಚಹಾದ ಲೋಟ ಕೆಳಗಿಟ್ಟು ಗುಡ್ಡದ ಕಡೆ ನೋಡುತ್ತಾ ಕುಳಿತರು.

ಮಗಳು ಚೀಲದಿಂದ ಬೂಟುಗಳನ್ನು ತೆಗೆದಳು. ಎಡಗಾಲಿನ ತಳ ಬಾಯಿ ಬಿಟ್ಟಿತ್ತು. ಖಾರದ ಕೈಯಿಂದ ಮುಟ್ಟಬಾರದೆಂದು ದುಪಟ್ಟಾದ ಅಂಚಿನಲ್ಲಿ ಹಿಡಿದಳು. ಮೂಲೆಯಲ್ಲಿದ್ದ ಅಜ್ಜಿ ಅದನ್ನು ಕೈಗೆ ತೆಗೆದುಕೊಂಡು, ಪ್ರವಾದಿ(ಸ)ರು ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರಂತೆ, ದಬ್ಬಳ ಎಲ್ಲಿದೆ ನೋಡು ಎಂದರು.

"ನೋಡೋಣ ಆಪಾ" ಎಂದರು ತಂದೆ. ಬೇಡ ಎನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ದಂಡ ಕಟ್ಟಿ ಪಿಯುಸಿಗೆ ಸೇರಲು ಇನ್ನೂ ಕೆಲವು ದಿನಗಳಿದ್ದವು. ಸಂಜೆಯ ಗಾಡಿಗೆ ಹೊರಡುವಾಗ ಅಜ್ಜಿ ಎಡಗಾಲಿನ ಬೂಟಿಗೆ ಹೊಲಿಗೆ ಹಾಕುತ್ತಿದ್ದರು. ಬಲಗಾಲಿನದ್ದು ಕಪಾಟಿನ ಮೇಲಿತ್ತು. ನಾನು ತಂದಿದ್ದ ಕಾಲೇಜಿನ ಅರ್ಜಿಯನ್ನು ನಾಲ್ಕಾಗಿ ಮಡಚಿ ಅದರೊಳಗೆ ಇಟ್ಟು ಬಂದೆ.