ಅರಳಿಕಟ್ಟೆ ಮೇಲೆ ಕೂತು ಕಟ್ಟಿದ ಅಟ್ಟಣಿಗೆ



ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನಿಮಗೆ ಗೊತ್ತೇ ಇದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಪಕ್ಕದ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ನಮ್ಮೂರೂ ಅದೇ ಸೀಮೆ. ದೇವಸ್ಥಾನದ ಮುಂದಿನ ಅರಳಿಮರಕ್ಕೆ ಬಣ್ಣದ ಕೊಕ್ಕರೆ ಬರ್ತವೆ.

ಹೋದ ಮಳೆಗಾಲದಲ್ಲಿ ಗೂಡಿದ್ದ ದೊಡ್ಡ ಕೊಂಬೆ ಮುರಿದುಬಿತ್ತು. ಊರವರು ಕೇರಿಗೆ ಬಂದರು. "ಹಲಗೆ ನಾವು ಕೊಡ್ತೀವಿ. ಹುಡುಗರನ್ನ ಹತ್ತಿಸಿ ಒಂದು ಅಟ್ಟಣಿಗೆ ಕಟ್ಸಪ್ಪ. ಹಕ್ಕಿ ಬರದಿದ್ರೆ ಊರಿಗೆ ಒಳ್ಳೇದಲ್ಲ."

ಎಂಟು ವರ್ಷದವನಿದ್ದಾಗ ಅದೇ ಮರದ ಕಟ್ಟೆ ಮೇಲೆ ಕೂತಿದ್ದೆ ಅಂತ ನಮ್ಮಪ್ಪನ್ನ ಕರೆಸಿ ಬೈದಿದ್ರು. ಅಪ್ಪ ಕೈಮುಗಿದು ನಿಂತಿದ್ದು ಇನ್ನೂ ಕಣ್ಣಲ್ಲಿದೆ. ಈಗ ಮರದ ತುದಿಗೆ ನಾವು ಬೇಕು. ಬುಡದಲ್ಲಿ?

"ಕಟ್ತೀವಿ ಕಣಣ್ಣ. ಆದ್ರೆ ಕೆಲಸ ಕಟ್ಟೆ ಮೇಲೆ ಕೂತೇ ಮಾಡ್ತೀವಿ. ಊಟಾನೂ ಅಲ್ಲೇ" ಅಂದೆ. ಯಾರೂ ಮಾತಾಡಲಿಲ್ಲ. ಒಬ್ಬ ಹಿರಿಯರು ಎದ್ದು ಹೋದರು. ಕೊನೆಗೆ ಒಬ್ಬರು "ಆಯ್ತು" ಅಂದರು.

ನಾಲ್ಕಡಿ ಚೌಕಟ್ಟು. ಮಳೆನೀರು ನಿಲ್ಲದಂತೆ ಪಟ್ಟಿಗಳ ನಡುವೆ ಎರಡು ಬೆರಳಿನ ಸಂದು. ಮರಿ ಜಾರದಂತೆ ಸುತ್ತ ಗೇಣೆತ್ತರದ ಅಂಚು. ಮರಕ್ಕೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಕವೆಯಲ್ಲಿ ಕೂರಿಸಿ, ತೊಗಟೆ ಉಜ್ಜದಂತೆ ಗೋಣಿಚೀಲ ಸುತ್ತಿ, ಹಗ್ಗದಲ್ಲಿ ಬಿಗಿದೆವು. ಮೇಲೆ ಒಣಕಡ್ಡಿ ಹರಡಿದೆವು. ಮಧ್ಯಾಹ್ನ ಕಟ್ಟೆ ಮೇಲೆ ಮುದ್ದೆ, ಉಪ್ಸಾರು. ತುತ್ತು ಮುರಿಯುವಾಗ ನನ್ನ ಕೈ ನಡುಗ್ತಿತ್ತು, ಸುಳ್ಳು ಹೇಳಲ್ಲ.

ಮಹಾಡದ ಚವದಾರ್ ಕೆರೆಯಲ್ಲಿ ದನಕರುಗಳು ನೀರು ಕುಡಿಯಬಹುದಿತ್ತು, ನಮ್ಮ ಜನ ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ನೀರು ಮುಟ್ಟಿದರು. ಹಕ್ಕಿಗೆ ಜಾಗ ಮಾಡಿಕೊಡೋ ಊರು ಮನುಷ್ಯನಿಗೂ ಜಾಗ ಬಿಡಲೇಬೇಕು ಅಂತ ಕೇಳೋದಕ್ಕೆ ನನಗೆ ಅಷ್ಟು ಸಾಕು.

ಸಂಕ್ರಾಂತಿ ಆದ್ಮೇಲೆ ಒಂದು ಜೋಡಿ ಬಂತು. ನಾವು ಹರಡಿದ ಕಡ್ಡಿಗಳನ್ನ ಕೆದರಿ, ತಮಗೆ ಬೇಕಾದಂಗೆ ಜೋಡಿಸಿಕೊಂಡವು.

ಒಂದು ಮಾತು ಮುಚ್ಚಿಡಲ್ಲ. ಕೆಲಸ ಮುಗಿದ ಮಾರನೇ ದಿನ ನಮ್ಮ ಹುಡುಗರು ಯಾರೂ ಕಟ್ಟೆ ಹತ್ತಲಿಲ್ಲ. ಹೆದರಿಕೆ ಒಂದೇ ದಿನಕ್ಕೆ ಹೋಗಲ್ಲ. ಅದಕ್ಕೇ ಮರಿ ಎಣಿಸೋ ನೆಪದಲ್ಲಿ ದಿನಾ ಸಂಜೆ ಮಗಳ ಜೊತೆ ಹೋಗಿ ಕೂರ್ತೀನಿ. ಅವಳಿಗೂ ಈಗ ಎಂಟು ವರ್ಷ.

ನಿನ್ನೆ ಮೂರು ಮರಿ ಎಣಿಸಿದಳು. ಇಲ್ಲಿವರೆಗೆ ನಮ್ಮನ್ನ ಯಾರೂ ಏಳಿ ಅಂದಿಲ್ಲ. ಅಂದ್ರೂ ಏಳಲ್ಲ.

ಜೈಭೀಮ್.