ಗೋಡೆಯಾಚೆಯ ಪಾಠಶಾಲೆ



ವಿಲ್ಲಿಂಗ್ಡನ್ ದ್ವೀಪದ ಕಡೆಗೆ ಹೋಗುವಾಗ ನೌಕಾನೆಲೆಯ ಉದ್ದನೆಯ ಗೋಡೆಯನ್ನು ನೀವೆಲ್ಲ ನೋಡಿದ್ದೀರಿ. "ಒಳಗೆ ಏನಿದೆ ಆಂಟಿ?" ಎಂದು ರಾಜ್ಯೋತ್ಸವದ ದಿನ ನಿಮ್ಮಲ್ಲೊಬ್ಬಳು ಕೇಳಿದಳು. "ಯುದ್ಧದ ಹಡಗುಗಳು" ಎಂದು ಹೇಳಿ ಸುಮ್ಮನಾದೆ. ಅದು ಅರ್ಧ ಉತ್ತರ. ಆ ಗೋಡೆಯಾಚೆ ಇರುವುದು ಮುಖ್ಯವಾಗಿ ಒಂದು ಪಾಠಶಾಲೆ.

ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಇಲ್ಲಿ ನೌಕಾನೆಲೆ ಆರಂಭವಾಯಿತು. ವೆಂಡುರುತ್ತಿ ಎಂಬ ದ್ವೀಪದ ಹೆಸರೇ ಅದಕ್ಕೂ ಬಂತು. 1953ರ ಮೇ 11ರಂದು ನೌಕಾಪಡೆಯ ಮೊದಲ ವಿಮಾನನೆಲೆ 'ಗರುಡ' ಇಲ್ಲಿಯೇ ಶುರುವಾಯಿತು. ಫೋರ್ಟ್ ಕೊಚ್ಚಿಯಲ್ಲಿ ಫಿರಂಗಿ ವಿದ್ಯೆ ಕಲಿಸುವ ಶಾಲೆಯ ಹೆಸರು 'ದ್ರೋಣಾಚಾರ್ಯ'. ಇಡೀ ನೌಕಾಪಡೆಯ ತರಬೇತಿಯ ಹೊಣೆ ಕೊಚ್ಚಿಯ ದಕ್ಷಿಣ ಕಮಾಂಡಿನದು. ಸಮುದ್ರದಲ್ಲಿ ದಾರಿ ಹಿಡಿಯುವುದು, ನೀರಿನಡಿ ಮುಳುಗಿ ಕೆಲಸ ಮಾಡುವುದು, ಹಾರುವುದು, ಎಲ್ಲಕ್ಕೂ ಇಲ್ಲಿ ಪಾಠವಿದೆ. ಇಲ್ಲಿನ ಹಾಯಿಹಡಗು 'ತರಂಗಿಣಿ' 2003-04ರಲ್ಲಿ ಎಳೆಯ ನಾವಿಕರನ್ನು ಹೊತ್ತು ಭೂಮಿಯನ್ನೇ ಸುತ್ತಿ ಬಂತು.

ಇದೆಲ್ಲ ನನಗೆ ಮೊದಲೇ ಗೊತ್ತಿರಲಿಲ್ಲ. ಪ್ಲಸ್ ಟೂ ಮುಗಿಸಿದ ಮಗ ನೌಕಾಪಡೆಯ ಅರ್ಜಿ ತಂದಾಗ, "ನಮ್ಮ ಮನೆಯಲ್ಲಿ ಯಾರೂ ಸಮುದ್ರಕ್ಕೆ ಇಳಿದವರಲ್ಲ" ಎಂದು ಹಠ ಹಿಡಿದು ತಡೆದೆ. ಅವನು ಎದುರಾಡಲಿಲ್ಲ.

2018ರ ಆಗಸ್ಟ್ ಪ್ರವಾಹ ನಿಮಗೂ ನೆನಪಿರಬಹುದು. 15ರಂದು ನೆಡುಂಬಾಶ್ಶೇರಿ ವಿಮಾನ ನಿಲ್ದಾಣ ಮುಚ್ಚಿತು. ಬೆಂಗಳೂರಿನಲ್ಲಿ ನನ್ನ ತಾಯಿ ಹಾಸಿಗೆ ಹಿಡಿದಿದ್ದರು; ಹೋಗುವ ದಾರಿ ಕಾಣದೆ ಒದ್ದಾಡಿದೆ. 20ರಂದು ಗರುಡದ ರನ್‌ವೇ ನಮ್ಮಂಥ ಸಾಮಾನ್ಯರಿಗೂ ತೆರೆಯಿತು. ಬೆಂಗಳೂರಿನಿಂದ ಸಣ್ಣ ವಿಮಾನಗಳು ಬಂದು ಹೋಗತೊಡಗಿದವು. ಅಂಥದೊಂದರಲ್ಲಿ ನಾನೂ ಹೊರಟೆ.

ಮೊದಲ ಸಲ ಆ ಗೇಟಿನೊಳಗೆ ಕಾಲಿಟ್ಟೆ. ನಿದ್ದೆಗೆಟ್ಟು ಕಣ್ಣು ಕೆಂಪಾದ ಹುಡುಗನೊಬ್ಬ ನನ್ನ ಚೀಲ ಎತ್ತಿಕೊಟ್ಟ. ನನ್ನ ಮಗನದೇ ವಯಸ್ಸು. ಮೂರು ದಿನ ಮೊದಲು, ಆಲುವಾ ಬಳಿ ಸಿಕ್ಕಿಬಿದ್ದಿದ್ದ ತುಂಬು ಗರ್ಭಿಣಿಯನ್ನು ನೌಕಾಪಡೆಯ ಹೆಲಿಕಾಪ್ಟರ್ ಮೇಲೆತ್ತಿ ತಂದಿತ್ತು. ಅದೇ ದಿನ ನೌಕಾ ಆಸ್ಪತ್ರೆಯಲ್ಲಿ ಗಂಡುಮಗು ಹುಟ್ಟಿತು. ತಿರುವನಂತಪುರದ ದಕ್ಷಿಣ ವಾಯು ಕಮಾಂಡಿನವರೂ ಹಗಲಿರುಳು ದುಡಿದರು. ಕಲಿತ ವಿದ್ಯೆಗೆ ಇದಕ್ಕಿಂತ ಪರೀಕ್ಷೆ ಬೇಕೆ?

ತಾಯಿಯನ್ನು ಕಂಡೆ, ಮಾತನಾಡಿಸಿದೆ. ಮಗನಿಗೂ ಫೋನಿನಲ್ಲಿ ಎಲ್ಲ ಹೇಳಿದೆ. "ಈಗ ಹೇಳ್ತೀಯಲ್ಲಮ್ಮಾ" ಎಂದಷ್ಟೇ ಅಂದ.

ಹೆಣ್ಣುಮಕ್ಕಳೇ, 2019ರ ಡಿಸೆಂಬರ್ 2ರಂದು ನೌಕಾಪಡೆಯ ಮೊದಲ ಮಹಿಳಾ ಪೈಲಟ್ ರೆಕ್ಕೆಯ ಬಿಲ್ಲೆ ಪಡೆದದ್ದೂ ಇದೇ ಕೊಚ್ಚಿಯಲ್ಲಿ. ಸೇರುವುದು ಬಿಡುವುದು ನಿಮ್ಮಿಷ್ಟ. ಆದರೆ ಅರ್ಜಿ ತಂದ ದಿನ ಅಮ್ಮ ಬೇಡವೆಂದರೆ, ಈ ಪುಟವನ್ನು ಅವರ ಕೈಗೆ ಕೊಡಿ.